ಗರ್ಭಪಾಲಕ

ಲಿಯೆನಾರ್ ಬ್ವಾಸೊ ರೊಟ್ಟಿಯನ್ನು ಸೀಳಿ ನೋಡಿದ. ರೊಟ್ಟಿಯೊಳಗೆ ರೊಟ್ಟಿಯೇ ಇತ್ತು. ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ.

ಬಟ್ಟಲಿನ ಮುಚ್ಚಳ ತೆಗೆದು ಬಟಾಣಿ ಗಂಜಿಯಲ್ಲಿ ಸೌಟು ಆಡಿಸಿದ. ಮಡಿಸಿಟ್ಟ ಹಚ್ಚಡವನ್ನು ಬಿಡಿಸಿ ಕೊಡವಿದ. ದಿಂಬಿನ ಹೊಲಿಗೆಯನ್ನು ಬೆರಳಿನಿಂದ ತಡವಿ, ನಿನ್ನೆಗಿಂತ ಇಂದು ಅದು ಹೆಚ್ಚು ತುಂಬಿಕೊಂಡಿದೆಯೇ ಎಂದು ಯೋಚಿಸುತ್ತ ನಿಂತ.

"ಏನ್ ಪಂಡಿತ್ರೆ, ಇವತ್ತಾದ್ರೂ ರೊಟ್ಟಿ ಒಳಗೆ ರಾಜಕುಮಾರ ಸಿಕ್ಕಿದ್ನಾ?" ಎಂದ ಬಾಗಿಲ ಬಲಗಡೆಯ ಕಾವಲುಗಾರ ಬ್ಲೇಜ್.

"ಸಿಕ್ಕಿದ್ರೆ ಮೊದ್ಲು ನನ್ ಕೈಗೆ ಕೊಡ್ಬೇಕು. ನಿನ್ ಕೈಗೆ ಕೊಟ್ರೆ ತಿಂದ್ಬಿಡ್ತೀಯ," ಎಂದ ಎಡಗಡೆಯ ತಿಬೋ.

ಇಬ್ಬರೂ ನಕ್ಕರು. ಬ್ಲೇಜ್ ವಿಧವೆ ಡಚೆಸ್ಸಳ ಪಕ್ಷದವನು. ತಿಬೋ ದಾಯಾದಿಯಾದ ಫ್ರಾನ್ಸಿನ ದೊರೆಯ ಪಕ್ಷದವನು. ಒಬ್ಬರನ್ನೊಬ್ಬರು ಕಾಯಲೆಂದೇ ಅವರನ್ನು ಅಲ್ಲಿ ನಿಲ್ಲಿಸಲಾಗಿತ್ತು. ಈಗ ಚಳಿಗೆ ಇಬ್ಬರೂ ಒಂದೇ ಕುರಿತೊಗಲನ್ನು ಹೊದ್ದು ಕುಳಿತುಕೊಳ್ಳುತ್ತಿದ್ದರು. ಈ ಸ್ನೇಹಕ್ಕಿಂತ ಅಪಾಯಕಾರಿಯಾದದ್ದು ಬರ್ಗಂಡಿಯ ರಾಜಧಾನಿ ದಿಜೋನಿನ ಅರಮನೆಯಲ್ಲಿ ಮತ್ತೇನೂ ಇಲ್ಲವೆಂದು ಲಿಯೆನಾರನಿಗೆ ಅನ್ನಿಸಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರಿಗೆ ಹೇಳುವುದು?

ಗಂಡ ಸತ್ತ ಮೇಲೆ ಹೆಂಡತಿ ತಾನು ಗರ್ಭಿಣಿಯೆಂದರೆ, ಆಸ್ತಿಗಾಗಿ ದಾಯಾದಿಗಳು ಕಾದು ನಿಂತಿದ್ದರೆ, ಏನು ಮಾಡಬೇಕೆಂಬುದನ್ನು ಪ್ರಾಚೀನ ರೋಮಿನ ನ್ಯಾಯಾಧಿಪತಿಗಳು ವಿಧಿಸಿಟ್ಟಿದ್ದರು. ಕೋಣೆಗೆ ಒಂದೇ ಬಾಗಿಲಿರಬೇಕು. ಉಳಿದ ಬಾಗಿಲು ಕಿಟಕಿಗಳಿಗೆ ಹಲಗೆ ಹೊಡೆಯಬೇಕು. ದೀಪ ಆರಬಾರದು, ಕತ್ತಲೆಯಲ್ಲಿ ಕೂಸನ್ನು ಒಳತರುವುದು ಸುಲಭ. ಒಳಹೋಗುವ ವಸ್ತುವೆಲ್ಲವನ್ನೂ ಶೋಧಿಸಬೇಕು. ಇದೆಲ್ಲದರ ಮೇಲೆ ಒಬ್ಬ ಗರ್ಭಪಾಲಕನನ್ನು ನೇಮಿಸಬೇಕು.

ದೋಲ್ ನಗರದ ವಿದ್ಯಾಪೀಠದಲ್ಲಿ ಈ ವಾಕ್ಯಗಳ ಮೇಲೆ ಲಿಯೆನಾರ್ ವರ್ಷಗಟ್ಟಲೆ ವ್ಯಾಖ್ಯಾನ ಮಾಡಿದ್ದ. ಅವು ಮರವೂ ಮೊಳೆಯೂ ಆಗಬಲ್ಲವೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಶರತ್ಕಾಲದಲ್ಲಿ ಡ್ಯೂಕ್ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತ. ಮಕ್ಕಳಿರಲಿಲ್ಲ. ಡ್ಯೂಕನ ಮಂತ್ರಿಯಾಗಿದ್ದ ಚಾನ್ಸಲರ್ ಗೋಂತ್ರಾ, ಲಿಯೆನಾರನನ್ನು ಗರ್ಭಪಾಲಕನಾಗಿ ಕರೆತರಲು ದೋಲಿಗೆ ಗಾಡಿ ಕಳಿಸಿದ. ಬಡಗಿಗಳು ಬಂದು ಕಿಟಕಿಗೆ ಮೊದಲ ಹಲಗೆ ಹೊಡೆದಾಗ ಲಿಯೆನಾರನಿಗೆ ಹರ್ಷವಾಯಿತು. ಆಮೇಲೆ ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡ. ಕೇಳಿದ ಪಾದ್ರಿ ಏನೂ ಅನ್ನಲಿಲ್ಲ. ಪಾದ್ರಿ ಯಾವ ಪಕ್ಷದವನೆಂಬ ಯೋಚನೆ ಆ ರಾತ್ರಿ ಅವನ ನಿದ್ದೆ ಕೆಡಿಸಿತು.

ಆ ಬಾಗಿಲನ್ನು ಅವನು ಇದುವರೆಗೆ ದಾಟಿರಲಿಲ್ಲ. ಡಚೆಸ್ ಅಲಿಕ್ಸಳನ್ನು ಕಂಡಿರಲಿಲ್ಲ. ಅವಳ ರೊಟ್ಟಿ, ಅವಳ ಹಚ್ಚಡ, ಅವಳ ನೀರು ಮಾತ್ರ ಅವನಿಗೆ ಗೊತ್ತಿದ್ದವು.

ಬರ್ಗಂಡಿಯ ಸಿಂಹಾಸನಕ್ಕೆ ಗಂಡು ಸಂತಾನವಿಲ್ಲದಿದ್ದರೆ ದೇಶ ಫ್ರಾನ್ಸಿಗೆ ಸೇರಬೇಕು. ತಾನು ಗರ್ಭಿಣಿಯೆಂಬ ವಿಧವೆಯ ಒಂದು ಮಾತಿನ ಮೇಲೆ ಈ ದೇಶ ಇಡೀ ಚಳಿಗಾಲವನ್ನು ಕಳೆದಿತ್ತು. ಇಂದು ಸಂಜೆಯ ಪ್ರಾರ್ಥನೆಯ ಹೊತ್ತಿಗೆ, ಪಾದ್ರಿಗಳೂ ಸರದಾರರೂ ಪಟ್ಟಣಿಗರೂ ಕೂಡಿದ ಮಹಾಸಭೆಯ ಮುಂದೆ, ಗರ್ಭದಲ್ಲಿ ಜೀವ ಇದೆಯೋ ಇಲ್ಲವೋ ಎಂಬುದನ್ನು ಗರ್ಭಪಾಲಕ ದೃಢಪಡಿಸಬೇಕು. ಇದೆ ಎಂದರೆ ಹೆರಿಗೆಯವರೆಗೆ ಎಲ್ಲರೂ ಕಾಯುತ್ತಾರೆ. ಇಲ್ಲ ಎಂದರೆ ಗಡಿಯ ಹೊಳೆಯಾಚೆ ಬೀಡುಬಿಟ್ಟ ಫ್ರೆಂಚ್ ದಂಡು ನಾಳೆಯೇ ಹೊಳೆ ದಾಟುತ್ತದೆ.

ಹೆಂಡದಂಗಡಿಗಳಲ್ಲಿ ಕುಳಿತವರಿಗೆ ಒಂದು ಹಳೆಯ ಚಟವಿತ್ತು. ಹಿಂದೆ ನಾನ್ಸಿಯ ಹಿಮದ ಬಯಲಿನ ಯುದ್ಧದಲ್ಲಿ ಈ ಡ್ಯೂಕನ ಪೂರ್ವಜ ಸತ್ತೇಹೋಗಿದ್ದರೆ, ಎಂದು ಶುರುಮಾಡುತ್ತಿದ್ದರು. ಆಗ ಅರ್ಧ ದೇಶ ಫ್ರಾನ್ಸಿಗೆ ಹೋಗುತ್ತಿತ್ತು, ಇನ್ನರ್ಧ ಆಸ್ಟ್ರಿಯಾದವರ ಪಾಲಾಗುತ್ತಿತ್ತು, ಬರ್ಗಂಡಿ ಎಂದರೆ ದ್ರಾಕ್ಷಾರಸದ ಹೆಸರಾಗಿ ಉಳಿಯುತ್ತಿತ್ತು ಎಂದು ನಗುತ್ತಿದ್ದರು. ಆ ಪೂರ್ವಜ ಸಾಯಲಿಲ್ಲ. ಮುಖದ ತುಂಬ ಗಾಯ ಹೊತ್ತು ಎದ್ದು ಬಂದ. ಆಗದೆ ಹೋದ ಚರಿತ್ರೆಯ ಬಗ್ಗೆ ಲಿಯೆನಾರನಿಗೆ ತಿರಸ್ಕಾರವಿತ್ತು. ಎದ್ದು ಬಂದವನು ಅವನೇ ಎಂಬುದಕ್ಕೆ ಸಾಕ್ಷಿ ಯಾರಿದ್ದರು ಎಂಬ ಪ್ರಶ್ನೆ ಮಾತ್ರ ಅವನನ್ನು ಈಚೆಗೆ ಕಾಡುತ್ತಿತ್ತು.

ಬೆಳಗಿನ ಪೂಜೆ ಮುಗಿದ ಮೇಲೆ ಪರೀಕ್ಷೆಯ ಹೆಂಗಸರು ಬಂದರು. ಎರಡೂ ಪಕ್ಷಗಳು ಆರಿಸಿದ ಮರ್ಯಾದಸ್ಥ ಗೃಹಿಣಿಯರು. ಮುಂದೆ ಸೂಲಗಿತ್ತಿ ಪೆರೆಟ್. ಈ ನಗರದ ಅರ್ಧ ಜನರನ್ನು ಮೊದಲು ಮುಟ್ಟಿದವಳು, ಆ ಸಲಿಗೆಯಿಂದಲೇ ಎಲ್ಲರನ್ನೂ ನೋಡುವವಳು.

ಬಾಗಿಲ ಬಳಿ ಎಲ್ಲರೂ ಮೊಣಕೈವರೆಗೆ ಕೈ ತೊಳೆಯಬೇಕೆಂಬುದು ಲಿಯೆನಾರನದೇ ನಿಯಮ. ಕೈಗೆ ಏನನ್ನಾದರೂ ಸವರಿಕೊಂಡು ಬಂದಿರಬಹುದು. ಗಡಿಗೆಯ ನೀರಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಪೆರೆಟ್ ಅದನ್ನು ಬೆರಳಿನಿಂದ ಒಡೆದಳು.

"ಸ್ವಲ್ಪ ಬಿಸಿನೀರು ಇಡ್ಸಿದ್ರೆ ನಿಮ್ಮ ರೋಮಿನೋರು ಏನಾದ್ರೂ ಅಂತಿದ್ರಾ?"

"ಬಿಸಿನೀರು ಹೊರಗಿನಿಂದ ಬರಬೇಕಾಗುತ್ತದೆ," ಎಂದ ಲಿಯೆನಾರ್.

"ಕೂಸೂ ಅಷ್ಟೆ ಅಲ್ವೆ? ಎಲ್ಲಿಂದಲೋ ಬರ್ಬೇಕು," ಎಂದು ಹೇಳಿ ಅವಳು ಒಳಗೆ ನಡೆದಳು.

ಅವಳ ಮಾತಿನ ಅರ್ಥವನ್ನು ಅವನು ತುಸು ಹೊತ್ತು ತೂಗಿ ನೋಡಿದ. ಅದು ಬರಿಯ ತಮಾಷೆ ಇರಬಹುದು.

ಬಾಗಿಲ ಒಳಗೊಂದು ದಪ್ಪ ಪರದೆ. ಅದರ ಈಚೆ ಹೊಸ್ತಿಲ ಮೇಲೆ ನಿಂತು ಕೇಳುವುದು ಅವನ ಹಕ್ಕು, ನೋಡುವುದಲ್ಲ. ಡಚೆಸ್ಸಳ ಮಾನ ಕಾಯಲು ಮೈಮೇಲಿನ ಹಚ್ಚಡ ಸರಿಸಬಾರದು, ಕೈಗಳು ಹಚ್ಚಡದ ಕೆಳಗೆ ಹೋಗಬೇಕು ಎಂದು ಬಿಷಪ್ ಹೇಳಿದ್ದ. ಎಲ್ಲರೂ ಒಂದೇ ಸಲ ಕೈ ಇಡಬೇಕು ಎಂದು ಲಿಯೆನಾರ್ ಸೇರಿಸಿದ್ದ. ಒಬ್ಬೊಬ್ಬರನ್ನೇ ಬಿಟ್ಟರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ.

"ಇಡ್ರಮ್ಮ, ಎಲ್ಲಾರೂ ಇಡಿ," ಪೆರೆಟಳ ದನಿ. "ಆಮೇಲೆ ನಾನ್ ಮುಟ್ಲೇ ಇಲ್ಲ ಅಂತ ಯಾರೂ ಅನ್ಬಾರ್ದು. ನೂಕ್ಬೇಡಿ, ಸಂತೆಯಲ್ಲ ಇದು."

ಬಟ್ಟೆಯ ಸರಸರ.  ಲಿಯೆನಾರ್ ಪರದೆಗೆ ಕಿವಿಯೊಡ್ಡಿದ.

"ಹಾ!" ಎಂದಿತು ಒಂದು ದನಿ.

"ಅಲ್ಲಾಡ್ತು."

"ನಂಗೂ ಸಿಕ್ತು."

"ನಂಗೂ."

"ನಂಗೂ, ನಂಗೂ."

ಎಲ್ಲರ ದನಿಯೂ ಬಂತು. ಬರದೆ ಇದ್ದದ್ದು ಡಚೆಸ್ಸಳ ದನಿ ಒಂದೇ.

ಹೊರಬಂದವರಲ್ಲಿ ಒಬ್ಬಳನ್ನು ಅವನು ಪಕ್ಕಕ್ಕೆ ಕರೆದ. ಊಡೆಟ್, ಸಾಸಿವೆ ಅರೆಯುವವನ ವಿಧವೆ, ಫ್ರಾನ್ಸಿನ ಪಕ್ಷ ಆರಿಸಿ ಕಳಿಸಿದವಳು. ಸುಳ್ಳು ಹೇಳುವುದಾದರೆ ಇಲ್ಲ ಎಂದು ಹೇಳಬೇಕಾದವಳು. ಅವಳೇ ಹೌದೆಂದದ್ದು ಅವನಿಗೆ ಸಂಶಯ ತಂದಿತ್ತು.

"ಎಲ್ಲಿ ಅಲುಗಿತು?"

"ಇಲ್ಲೇ ಸ್ವಾಮಿ, ಕಿರುಬೆರಳ ಪಕ್ಕ."

"ಹೇಗೆ?"

"ಮೀನು ಜಾರಿದ ಹಾಗೆ. ಅಯ್ಯೋ, ಎಷ್ಟು ತಣ್ಣಗಿತ್ತು ಅಂತೀರಾ! ಮೈಯೆಲ್ಲ ಜುಂ ಅಂತು." ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ತಣ್ಣಗೆ?"

"ಮಂಜಿನ ಗಡ್ಡೆ ಹಾಗೆ."

ಅವನು ಅವಳ ಕೈಗಳನ್ನು ನೋಡಿದ. ನೀರಿನ ಕೊರೆತಕ್ಕೆ ಬೆರಳುಗಳು ಕೆಂಪಗೆ ಊದಿದ್ದವು. ಜೀವಂತ ಮೈಯೊಳಗಿನಿಂದ ತಣ್ಣನೆಯದು ಏನು ತಾನೇ ತಾಕೀತು? ಹಚ್ಚಡದ ಕತ್ತಲೆಯಲ್ಲಿ ಕೈಗೆ ಕೈ ತಾಕಿತ್ತು. ತಣ್ಣನೆಯ ಬೆರಳು ತಣ್ಣನೆಯ ಬೆರಳನ್ನು ಮುಟ್ಟಿ, ಬೆಚ್ಚಿ, ಸರಿದು, ಮತ್ತೊಂದನ್ನು ಮುಟ್ಟಿತ್ತು. ಬರ್ಗಂಡಿಯ ಉತ್ತರಾಧಿಕಾರಿ ಹುಟ್ಟಿದ್ದು ಹಾಗೆ. ತಣ್ಣೀರು ಅವನ ನಿಯಮ. ಒಟ್ಟಿಗೆ ಕೈ ಇಡುವುದೂ ಅವನದೇ.

"ನಿಮಗೆ ಮಕ್ಕಳಿದ್ದಾರಲ್ಲ? ನಿಮಗೆ ಗೊತ್ತಾಗಬೇಕಿತ್ತು."

"ಬೇಕಾದಷ್ಟು ಹೆತ್ತಿದೀನಿ. ಆದ್ರೆ ಅವು ಒಳಗಿಂದ ಒದ್ದವು. ಹೊರಗಿಂದ ನಾನ್ಯಾವತ್ತು ಮುಟ್ಟಿ ನೋಡ್ಕೊಂಡಿದ್ದೆ?" ಅವಳು ದನಿ ತಗ್ಗಿಸಿದಳು. "ಎಲ್ಲಾರೂ ಅಲ್ಲಾಡ್ತು ಅಂದ್ರು. ನಾನೊಬ್ಳು ಇಲ್ಲ ಅಂದಿದ್ರೆ, ಫ್ರಾನ್ಸಿನ ಉಪ್ಪು ತಿಂದೋಳು ಅಂತ ಬೀದೀಲಿ ಕಲ್ಲು ಹೊಡೀತಿದ್ರು. ನಾನು ಸಾಸಿವೆ ಮಾರ್ಬೇಕು ಸ್ವಾಮಿ, ಇದೇ ಊರಲ್ಲಿ."

ಇದರ ಅರ್ಥ ಗರ್ಭದಲ್ಲಿ ಏನೂ ಇಲ್ಲವೆಂದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಏನಿದೆಯೆಂದು ಯಾರಿಗೂ ತಿಳಿದಿಲ್ಲವೆಂದಷ್ಟೇ ಅರ್ಥ. ಈ ವಿವೇಚನೆ ತರ್ಕಬದ್ಧವಾಗಿತ್ತು. ಅದರಿಂದ ಉಪಯೋಗವಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಸಂತ ಬೆನೀಞನ ಗುಡಿಯ ಹಿಂದಿನ ಬಾಡಿಗೆ ಮನೆ. ಮಾಂಸ ತಿನ್ನಬಾರದ ತಪಸ್ಸುಕಾಲವಾದ್ದರಿಂದ ಉಪ್ಪಿನ ಮೀನು, ಸಾಸಿವೆ, ನಿನ್ನೆಯ ರೊಟ್ಟಿ. ಅವನು ರೊಟ್ಟಿಯನ್ನು ಸೀಳಿ ಒಳಗೆ ನೋಡಿದ. ಹೆಂಡತಿ ಕ್ಲೋದಿನ್ ಅದನ್ನು ಗಮನಿಸಿದಳು.

"ವಿಷ ಹಾಕಿಲ್ಲ, ತಿನ್ನಿ."

"ಅಭ್ಯಾಸ."

ಸ್ವಲ್ಪ ಹೊತ್ತು ಇಬ್ಬರೂ ಮೀನಿನ ಮುಳ್ಳು ಬಿಡಿಸಿದರು.

"ಹೊಟ್ಟೇಲಿ ಕೂಸು ಅಲುಗಿದ್ರೆ," ಎಂದ ಅವನು, "ಹೊರಗಿಂದ ಕೈಯಿಟ್ಟೋರಿಗೆ ಅದು ಹೇಗೆ ತಿಳಿಯುತ್ತೆ?"

ಅವಳ ಬೆರಳು ನಿಂತಿತು. "ನನ್ನ ಕೇಳ್ತಿದೀರಾ?"

"ಮತ್ಯಾರನ್ನ ಕೇಳ್ಲಿ?"

"ಸೂಲಗಿತ್ತಿ ಇದಾಳಲ್ಲ."

"ಅವಳ ಮೇಲೆ ನಂಬಿಕೆ ಇಲ್ಲ."

"ನನ್ನ ಮೇಲಿದೆಯಾ?"

ಅವನು ರೊಟ್ಟಿ ಅಗಿದ. ದೋಲಿನಲ್ಲಿದ್ದಾಗಿನ ಮಾತು. ಅಜಾತ ಶಿಶುವಿನ ದಾಯಭಾಗದ ಮೇಲೆ ಅವನ ವ್ಯಾಖ್ಯಾನ ನಡೆದಿದ್ದ ಚಳಿಗಾಲ. ಒಂದು ಸಂಜೆ ಕ್ಲೋದಿನ್ ಬಂದು ಅವನ ಕೈಯನ್ನು ಹಿಡಿದೆತ್ತಿ ತನ್ನ ಹೊಟ್ಟೆಯತ್ತ ಒಯ್ದಿದ್ದಳು. ಬೆರಳಿಗೆಲ್ಲ ಮಸಿಯಾಗಿತ್ತು. ಬಟ್ಟೆಗೆ ಕಲೆಯಾಗುತ್ತದೆ, ತಡಿ, ಎಂದು ಅವನು ಕೈ ಎಳೆದುಕೊಂಡಿದ್ದ. ಅದು ನಿಜವೇ ಆಗಿತ್ತು. ಮುಂದೆ ಕೆಲವು ವಾರಗಳಲ್ಲಿ ಆ ಗರ್ಭ ನಿಲ್ಲದೆ ಹೋಯಿತು. ಅದಕ್ಕಾಗಿ ಸಲ್ಲಿಸಬೇಕಾದ ಪ್ರಾರ್ಥನೆಗಳನ್ನು ಅವನು ಕ್ರಮವಾಗಿ ಸಲ್ಲಿಸಿದ.

"ಹೇಳಿದ್ರೆ ತಿಳಿಯಲ್ಲರೀ ಅದು," ಎಂದಳು ಕ್ಲೋದಿನ್. ದನಿಯಲ್ಲಿ ಕಹಿಯಿರಲಿಲ್ಲ. ಇಲ್ಲದ ಕಹಿಯನ್ನು ಅವನು ಹುಡುಕಿದ. "ಆವತ್ತು ನಿಮ್ಮ ಕೈ ಮಸಿಯಾಗಿತ್ತು." ತಟ್ಟೆಯನ್ನು ಅವನತ್ತ ಸರಿಸಿದಳು. "ಇನ್ನೊಂದು ಮೀನು ಹಾಕ್ಲಾ?"

"ಸಾಕು."

"ಸಂಜೆ ಏನಂತ ಹೇಳ್ತೀರಿ?"

"ನೋಡೋಣ."

"ನೋಡ್ತೀರಿ," ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಹೇಳಿದ್ದು ಪ್ರಶ್ನೆಯೋ ಮೂದಲಿಕೆಯೋ ಅವನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳ ಒಂದು ಮಾತನ್ನು ಹಿಡಿದು ಅದು ಯಾವ ಪಕ್ಷದ್ದೆಂದು ಯೋಚಿಸುತ್ತ ಅವನು ಬೀದಿಗಿಳಿದ.

ಅರಮನೆಯ ಅಂಗಳದ ಕಂಬಗಳ ನಡುವೆ ವಕೀಲ ಬ್ರೇವಾಂ ಕಾದಿದ್ದ. ಫ್ರಾನ್ಸಿನ ದೊರೆಯ ಪರವಾಗಿ ವಾದ ಹೂಡಿದವನು. ದುಂಡನೆಯ, ನಗುಮುಖದ ಮನುಷ್ಯ. ಕೈಯಲ್ಲಿ ಜೇನುರೊಟ್ಟಿ. ಉಪವಾಸದ ದಿನಗಳಲ್ಲಿ ಅದನ್ನು ಹೀಗೆ ಬಹಿರಂಗವಾಗಿ ತಿನ್ನುವವನು ಒಂದೋ ನಾಸ್ತಿಕ, ಇಲ್ಲವೆ ನಾಳೆಯಿಂದ ತಾನೇ ಯಜಮಾನನೆಂದು ಬಲ್ಲವನು.

"ಬನ್ನಿ ಪಂಡಿತ್ರೆ. ತುಂಡು ತಗೊಳ್ತೀರಾ? ಸೀಳಿ ನೋಡಿ ಬೇಕಾದ್ರೆ."

"ಬೇಡ."

"ಎಲ್ಲಾ ಹೆಂಗಸರೂ ಅಲ್ಲಾಡ್ತು ಅಂದ್ರಂತೆ. ನಮ್ಮೋರು ಕೂಡ."

"ಅಂದರು."

"ನೀವೇನಂತೀರಿ?"

"ಸಂಜೆ ಸಭೆಯಲ್ಲಿ ಹೇಳುತ್ತೇನೆ."

ಬ್ರೇವಾಂ ಬೆರಳಿಗಂಟಿದ ಜೇನನ್ನು ನೆಕ್ಕಿದ. "ಹೆದರ್ಬೇಡಿ, ನಾನು ನಿಮ್ಮನ್ನ ಕೊಂಡ್ಕೊಳ್ಳೋಕೆ ಬಂದಿಲ್ಲ. ಯಾಕೆ ಕೊಂಡ್ಕೊಳ್ಳಲಿ? ಇಲ್ಲ ಅಂತೀರಾ, ನಾಳೆ ನಾವು ಒಳಗೆ ಬರ್ತೀವಿ. ಹೌದು ಅಂತೀರಾ, ಬೇಸಿಗೆ ಹೊತ್ತಿಗೆ ಹೊಟ್ಟೆಯಿಂದ ಗಾಳಿ ಬರುತ್ತೆ, ಆಗ ನಗ್ತಾ ಒಳಗೆ ಬರ್ತೀವಿ. ನಿಮ್ಮ ಮಾತು ಎತ್ತ ಬಿದ್ರೂ ನಮ್ಮ ಅಂಗಳಕ್ಕೇ."

"ಗಂಡು ಕೂಸೇ ಹುಟ್ಟಿದರೆ?"

"ಹುಟ್ಟಿದ್ರೆ," ಬ್ರೇವಾಂ ತಲೆದೂಗಿದ, "ಅದು ಅವಳದೇ ಅಂತ ನಿಮ್ಮನ್ನ ನಂಬೋರು ಯಾರು? ಆ ಬಾಗಿಲ್ನ ನೀವು ಇಷ್ಟು ಕಾದಿದೀರಿ ನೋಡಿ, ಒಳಗೆ ಏನೋ ಮೋಸ ಇರ್ಲೇಬೇಕು ಅಂತ ಇಡೀ ಯೂರೋಪಿಗೇ ಅನ್ನಿಸಿಬಿಟ್ಟಿದೆ."

ಅವನು ನಗುತ್ತ ಲಿಯೆನಾರನ ಭುಜ ತಟ್ಟಿ ಹೋದ. ಅಂಗಿಯ ಮೇಲೆ ಜೇನಿನ ಜಿಗುಟು ಉಳಿಯಿತು.

ಮೆಟ್ಟಿಲ ತುದಿಯಲ್ಲಿ ಪೆರೆಟ್ ನಿಂತಿದ್ದಳು. "ಎಲ್ಲಿ ಹೋಗಿದ್ರಿ? ದೊರೆಸಾನಿ ಕರೀತಿದಾರೆ. ನಿಮ್ಮನ್ನೇ."

"ನಾನು ಒಳಗೆ ಬರುವಂತಿಲ್ಲ."

"ಬರಬಾರ್ದು ಅಂತ ಎಲ್ಲಿದೆ? ಶೋಧಿಸಿ ಬಿಡಬೇಕು ಅಂತ ತಾನೇ ಇರೋದು?"

ಅವಳು ಹೇಳಿದ್ದು ಸರಿಯಾಗಿತ್ತು. ಬ್ಲೇಜನೂ ತಿಬೋನೂ ಎದ್ದು ನಿಂತು, ಅವನು ಕಲಿಸಿದ ಕ್ರಮದಲ್ಲೇ ಅವನ ಟೋಪಿ ತೆಗೆಸಿ ನೋಡಿದರು, ಕಂಕುಳಲ್ಲಿ ಕೈಯಾಡಿಸಿದರು, ನಿಲುವಂಗಿಯ ಅಂಚನ್ನೆತ್ತಿ ಕೊಡವಿದರು. ಈ ಸಲ ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಒಳಗೆ ಎಣ್ಣೆಯ ಹೊಗೆ, ಬೆವರು, ಹಳಸಿದ ಗಾಳಿ. ಹಲಗೆ ಹೊಡೆದ ಕಿಟಕಿಗಳು. ಹಗಲೋ ರಾತ್ರಿಯೋ ತಿಳಿಯದ ಒಂದು ಹಳದಿ ಬೆಳಕು. ಮಂಚದ ಮೇಲೆ ದಿಂಬುಗಳಿಗೊರಗಿ ಒಬ್ಬ ಹುಡುಗಿ ಕುಳಿತಿದ್ದಳು. ಇಷ್ಟು ಚಿಕ್ಕವಳೆಂದು ಅವನು ಅಂದುಕೊಂಡಿರಲಿಲ್ಲ. ತುಟಿಯಂಚಿನಲ್ಲಿ ರೊಟ್ಟಿಯ ಚೂರು.

"ಇಷ್ಟು ದಿನ ನನ್ನ ರೊಟ್ಟಿ ಸೀಳ್ತಿದ್ದೋರು ನೀವೇನಾ?"

"ಹೌದು, ದೊರೆಸಾನಿ."

"ಒಂದಿನಾನೂ ಇಡೀ ರೊಟ್ಟಿ ಸಿಗಲಿಲ್ಲ ನಂಗೆ." ಅವಳು ಪೆರೆಟಳತ್ತ ಕೈಬೀಸಿದಳು. "ನೀನು ಆ ಗೋಡೆ ಕಡೆ ತಿರುಗಿ ನಿಂತ್ಕೊ, ಅಜ್ಜಿ."

"ನಾನೇನ್ ಕಾಣ್ದೆ ಇರೋದಾ?" ಎಂದು ಗೊಣಗುತ್ತ ಪೆರೆಟ್ ತಿರುಗಿದಳು.

ಅಲಿಕ್ಸ್ ಅವನತ್ತ ತಿರುಗಿದಳು. "ನೀವು ಬಹಳ ಓದಿದೋರಂತೆ. ಗರ್ಭದ ಮೇಲೇ ಓದಿದೋರಂತೆ."

"ಅದರ ಹಕ್ಕುಗಳ ಮೇಲೆ."

"ಹಾಗಾದ್ರೆ ನೀವೇ ಹೇಳಿ. ಒಳಗೆ ಏನಾದ್ರೂ ಇದೆಯಾ?"

ಈ ಪ್ರಶ್ನೆಯನ್ನು ಇಡೀ ದೇಶ ಕೇಳುತ್ತಿತ್ತು. ಕೇಳಲಾರದ ಒಬ್ಬಳೆಂದರೆ ಇವಳೆಂದು ಅವನು ನಂಬಿದ್ದ.

"ನನಗೂ ಗೊತ್ತಿಲ್ಲ," ಎಂದಳು. "ಮೊದಮೊದ್ಲು ಗೊತ್ತಿತ್ತು. ಆಣೆ ಮಾಡಿ ಹೇಳ್ತೀನಿ, ಗೊತ್ತಿತ್ತು. ಆಮೇಲೆ ನೀವು ಕಿಟಕಿಗೆ ಹಲಗೆ ಹೊಡೆದ್ರಿ. ದಿನಾ ಕೈಗಳು ಬರ್ತವೆ. ಒಂದೊಂದಿನ ಅಲ್ಲಾಡುತ್ತೆ ಅನ್ಸುತ್ತೆ. ಒಂದೊಂದಿನ ಹಸಿವು ಅನ್ಸುತ್ತೆ. ಇವತ್ತು ಅವರೆಲ್ಲ ಅಲ್ಲಾಡ್ತು ಅಂದ್ರಲ್ಲ, ನಂಗೇನೂ ಆಗ್ಲಿಲ್ಲ. ಅಷ್ಟೊಂದು ತಣ್ಣಗಿನ ಕೈ... ಇದ್ರೂ ಹೆದರಿ ಮುದುಡಿಕೊಂಡಿರ್ಬೇಕು ಅಲ್ವಾ?"

"ಇರಬಹುದು."

"ಇರಬಹುದು ಅನ್ಬೇಡಿ! ಎಲ್ಲಾರೂ ಅದೇ ಅಂತಾರೆ." ಅವಳು ಹಚ್ಚಡವನ್ನು ಸರಿಸಿದಳು, ಒಳಗಿನ ಬಿಳಿಯ ಅಂಗಿ ಗುಡ್ಡದಂತೆ ಎದ್ದು ನಿಂತಿತ್ತು. "ಕೈ ಕೊಡಿ. ನಿಮ್ಮ ಕೈ ಬೆಚ್ಚಗಿದೆಯಾ?"

ಅವನ ಕೈ ಬೆಚ್ಚಗಿತ್ತು. ಅವಳು ಅದನ್ನು ಹಿಡಿದು ತನ್ನ ಮೇಲಿಟ್ಟುಕೊಂಡಳು.

ಬಿಸಿ. ಬಿಗಿದ ಚರ್ಮದ ಬಿಸಿ, ಬಟ್ಟೆಯ ಮೂಲಕವೂ. ಅಂಗೈಯ ಕೆಳಗೆ ಏನೋ ಮಿಡಿಯಿತು. ನಿಂತಿತು. ಮತ್ತೆ ಮಿಡಿಯಿತು, ತುಸು ಬಲವಾಗಿ, ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದಂತೆ. ಅದು ತನ್ನದೇ ನಾಡಿಯೇ? ಅವಳದೇ? ಕರುಳಿನ ಸದ್ದೇ? ಈ ಮೂರರಲ್ಲಿ ಯಾವುದೂ ಅಲ್ಲದ ನಾಲ್ಕನೆಯದೇ? ಹೋಲಿಸಿ ನೋಡಲು ಅವನ ಬಳಿ ಹಿಂದಿನ ಯಾವ ಸ್ಪರ್ಶವೂ ಇರಲಿಲ್ಲ. ಇಷ್ಟು ವಿದ್ಯೆಯಲ್ಲಿ ಆ ಒಂದು ಜಾಗ ಖಾಲಿ ಇತ್ತು. ಅಲ್ಲಿಗೆ ಈಗ ಬರ್ಗಂಡಿಯೆಂಬ ದೇಶ ಬಂದು ಕುಳಿತಿತ್ತು.

ಅಲಿಕ್ಸ್ ಅವನ ಮುಖವನ್ನು ನೋಡುತ್ತಿದ್ದಳು. ಸಭೆಯಲ್ಲಿ ಯಾರೂ ಹಾಗೆ ಅವನ ತೀರ್ಪನ್ನು ಕಾಯಲಾರರು.

"ಸಿಕ್ತಾ?"

ಅವನು ಬಾಯಿ ತೆರೆದ. ಇವಳು ನಟಿಸುತ್ತಿದ್ದರೆ? ಎಂಬ ಯೋಚನೆ ಆ ಕ್ಷಣಕ್ಕೆ ಸರಿಯಾಗಿ ಬಂದು ನಿಂತಿತು. ಚಾನ್ಸಲರನೇ ಇದನ್ನೆಲ್ಲ ಹೇಳಿಕೊಟ್ಟಿದ್ದರೆ? ಈ ಅಮಾಯಕತೆ, ಈ ಕೈ ಹಿಡಿಯುವುದು, ಈ ರೊಟ್ಟಿಯ ಚೂರು ಕೂಡ?

"ದೊರೆಸಾನಿ ವಿಶ್ರಾಂತಿ ತೆಗೆದುಕೊಳ್ಳಬೇಕು," ಎಂದ.

ಅವಳು ಅವನ ಕೈಯನ್ನು ಬಿಟ್ಟಳು. ಬಿಟ್ಟಳೆನ್ನುವುದಕ್ಕಿಂತ ಕೆಳಗಿಟ್ಟಳು, ಯಾರದೋ ವಸ್ತುವೊಂದನ್ನು ಹಿಂತಿರುಗಿಸುವಂತೆ. ಆಮೇಲೆ ಗೋಡೆಯತ್ತ ತಿರುಗಿ ಮಲಗಿದಳು.

ಮಹಾಸಭೆ ತುಂಬಿತ್ತು. ಬಾಗಿಲ ಬಳಿಯೇ ಚಾನ್ಸಲರ್ ಗೋಂತ್ರಾ ಅವನನ್ನು ತಡೆದು ಕಂಬದ ಮರೆಗೆ ಕರೆದೊಯ್ದ. ಸಣಕಲು ಮುದುಕ, ಮಾತನಾಡುವಾಗ ಕಣ್ಣು ಎದುರಿನವನ ಗುಂಡಿಗಳ ಮೇಲಿರುತ್ತಿತ್ತು.

"ಒಳಗೆ ಹೋಗಿದ್ರಂತೆ."

"ಹೋಗಿದ್ದೆ."

"ಒಳ್ಳೇದು."

"ಹೆಂಗಸರು ಮುಟ್ಟಿದ್ದು ಒಬ್ಬರು ಇನ್ನೊಬ್ಬರ ಕೈಯನ್ನು. ಅದು ಸಾಕ್ಷ್ಯವಾಗುವುದಿಲ್ಲ. ನಾನು ಮುಟ್ಟಿದ್ದು ಏನೆಂದು ನನಗೆ ತಿಳಿಯದು. ನನಗೆ ಗೊತ್ತಿಲ್ಲವೆಂದೇ ಸಭೆಯಲ್ಲಿ ಹೇಳುತ್ತೇನೆ. ಸುವಾರ್ತೆಯ ಮೇಲೆ ಕೈಯಿಟ್ಟು ಬೇರೆ ಹೇಳಲಾರೆ."

"ಹೇಳಿ ಅಂತ ನಿಮ್ಮನ್ನ ಕೇಳಿದ್ಯಾರು?"

ಚಾನ್ಸಲರ್ ಅವನ ಅಂಗಿಯ ಒಂದು ಗುಂಡಿಯನ್ನು ನೆಟ್ಟಗೆ ಮಾಡಿದ.

"ಬರ್ಗಂಡಿಯಲ್ಲಿ ಗರ್ಭಪಾಲಕ ಮಾತಾಡಲ್ಲ ಪಂಡಿತ್ರೆ. ತೂಗ್ತಾನೆ."

ಚಾನ್ಸಲರ್ ಬೆರಳು ತೋರಿಸಿದ ಕಡೆ ಅವನು ನೋಡಿದ. ಸಿಂಹಾಸನದ ಮೆಟ್ಟಿಲ ಮುಂದೆ ಚಿನ್ನದ ಬಣ್ಣದ ಒಂದು ದೊಡ್ಡ ತೊಟ್ಟಿಲು. ಎತ್ತರದ ಎರಡು ಕಂಬಗಳ ನಡುವೆ ತೂಗುಬಿಟ್ಟಿದ್ದರು. ಮೇಲೆ ಜರತಾರಿಯ ಹೊದಿಕೆ. ಪಕ್ಕದಿಂದ ಒಂದು ರೇಷ್ಮೆಯ ಹುರಿ ಕಲ್ಲುನೆಲದ ಮೇಲೆ ಇಳಿದಿತ್ತು.

"ಜೀವ ಇದೆ ಅನ್ನೋದಾದ್ರೆ ಹುರಿ ಎಳೀಬೇಕು. ಇಲ್ಲ ಅನ್ನೋದಾದ್ರೆ ನೆಲಕ್ಕೆ ಹಾಕ್ಬೇಕು. ಪ್ರಮಾಣ ಇಲ್ಲ, ಮಾತಿಲ್ಲ. ದೇವರ ಹೆಸರು ಮಧ್ಯೆ ಬರಲ್ಲ. ಹಳೇ ಸಂಪ್ರದಾಯ."

"ಈ ಸಂಪ್ರದಾಯವನ್ನು ನಾನು ಎಲ್ಲಿಯೂ ಓದಿಲ್ಲ."

"ಓದೋ ಸಂಪ್ರದಾಯ ಅಲ್ಲ ಅದು," ಎಂದ ಚಾನ್ಸಲರ್, ಅವನ ಅಂಗಿಯ ಗುಂಡಿಗೆ.

ಇದು ಇಂದು ಮಧ್ಯಾಹ್ನ ಹುಟ್ಟಿದ ಸಂಪ್ರದಾಯವೆಂಬುದರಲ್ಲಿ ಲಿಯೆನಾರನಿಗೆ ಅನುಮಾನವಿರಲಿಲ್ಲ. ಆದರೆ ಹತ್ತಿರ ಹೋದಾಗ ಅವನ ಹೆಜ್ಜೆ ತಡವರಿಸಿತು. ತೊಟ್ಟಿಲ ಮರ ಹಳೆಯದು. ಹುರಿ ಹಾದುಬರುವ ಹಿತ್ತಾಳೆಯ ಬಳೆ ಒಂದು ಪಕ್ಕಕ್ಕೆ ಆಳವಾಗಿ ಸವೆದಿತ್ತು. ಎಷ್ಟೋ ಕೈಗಳು, ಎಷ್ಟೋ ಸಲ ಎಳೆಯದೆ ಹಿತ್ತಾಳೆ ಹಾಗೆ ಸವೆಯುವುದಿಲ್ಲ. ಯಾರೆಲ್ಲ ಎಳೆದಿದ್ದರು? ಯಾವ ಯಾವ ಡ್ಯೂಕನಿಗಾಗಿ? ಗೋಡೆಯ ಮೇಲೆ ಸಾಲಾಗಿ ನಿಂತ ಚಿತ್ರಗಳ ದೊಡ್ಡ ಮೂಗಿನ ಮುಖಗಳು ಅವನನ್ನು ನೋಡುತ್ತಿದ್ದವು. ಆ ಮೂಗುಗಳೆಲ್ಲ ಒಂದೇ ಥರ ಇದ್ದವು. ಬರೆದವರು ಒಂದೇ ಮನೆತನದ ಚಿತ್ರಕಾರರು ಎಂದು ಅವನಿಗೆ ನೆನಪಾಯಿತು.

ಯಾರೋ ಹುರಿಯನ್ನೆತ್ತಿ ಅವನ ಕೈಗೆ ಕೊಟ್ಟರು.

ಮುಂದಿನ ಸಾಲಿನಲ್ಲಿ ಬ್ರೇವಾಂ, ಅ‍ದೇ ನಗುಮುಖ. ಪಟ್ಟಣಿಗರ ಹಿಂದೆ, ಹೆಂಗಸರ ನಡುವೆ, ಊಡೆಟ್. ಅವಳ ಪಕ್ಕದಲ್ಲಿ ಕ್ಲೋದಿನ್ ಇದ್ದಂತೆ ಕಂಡಿತು. ಆದರೆ ಅದು ಬೇರೊಬ್ಬಳಿರಬಹುದು.

ಎಳೆಯಬೇಕಾದರೆ ಬೆರಳು ಬಿಗಿಯಬೇಕು. ಹಾಕಬೇಕಾದರೆ ಬೆರಳು ಸಡಿಲಬೇಕು. ಎರಡನ್ನೂ ಮಾಡದೆ ನಿಲ್ಲಲು ಎಷ್ಟು ಹೊತ್ತು ಸಾಧ್ಯವೆಂದು ಅವನು ಲೆಕ್ಕ ಹಾಕುತ್ತಿದ್ದ. ದೇವರೇ, ಎಂದ ಮನಸ್ಸಿನಲ್ಲಿ.

ತೊಟ್ಟಿಲು ಅಲುಗಿತು.

ತಾನು ಎಳೆಯಲಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿತ್ತೇ? ಕೈ ನಡುಗಿರಬಹುದು. ಬಾಗಿಲ ಗಾಳಿಯಿರಬಹುದು. ಹಿಂದಿನ ಪರದೆಯ ಮರೆಯಲ್ಲಿ ಇನ್ನೊಂದು ಹುರಿ ಇರಬಹುದು. ತೊಟ್ಟಿಲು ಅತ್ತ ಹೋಯಿತು, ಇತ್ತ ಬಂತು. ಬಂದದ್ದನ್ನು ಮತ್ತೆ ಅತ್ತ ಕಳಿಸಿದ್ದು ಅವನ ಕೈಯೇ.

ಮೊದಲು ಬಿಷಪ್ ಮಂಡಿಯೂರಿದ. ಆಮೇಲೆ ಸರದಾರರು. ಬಟ್ಟೆಗಳು ಮಡಚಿಕೊಳ್ಳುವ ಸದ್ದು ಅಲೆಯಂತೆ ಹಿಂದಿನ ಸಾಲಿನವರೆಗೆ ಹೋಯಿತು. ಬ್ರೇವಾಂ ಕೂಡ ಒಂದು ಮಂಡಿ ಊರಿದ. ಯಾರೋ ಜಯಕಾರಕ್ಕೆ ಬಾಯಿ ತೆರೆದರು; ಚಾನ್ಸಲರ್ ತುಟಿಯ ಮೇಲೆ ಬೆರಳಿಟ್ಟ.

"ಶ್."

ಗಂಟೆ ಬಾರಿಸಲು ಹೊರಟವನನ್ನು ತಡೆದರು. ಸರದಾರರು ಒಬ್ಬೊಬ್ಬರಾಗಿ ಮೆಟ್ಟುಗಳನ್ನು ಕಳಚಿ ಕೈಯಲ್ಲಿ ಹಿಡಿದರು. ಸಭೆಯೆಲ್ಲ ತುದಿಗಾಲಲ್ಲಿ, ತೊಟ್ಟಿಲಿಗೆ ಬೆನ್ನು ಹಾಕದೆ, ಹಿಂದೆ ಹಿಂದೆ ಸರಿಯುತ್ತ ಹೊರಗೆ ನಡೆಯಿತು. ಕೆಮ್ಮು ಬಂದವನು ಟೋಪಿಯೊಳಗೆ ಕೆಮ್ಮಿದ. ಅಷ್ಟು ದೊಡ್ಡ ಬಾಗಿಲು ಒಂದಿಷ್ಟೂ ಸದ್ದಿಲ್ಲದೆ ಮುಚ್ಚಿಕೊಂಡಿತು.

ಲಿಯೆನಾರ್ ಒಬ್ಬನೇ ಉಳಿದ. ಹೊದಿಕೆ ಎತ್ತಿ ನೋಡಲು ಒಂದು ಹೆಜ್ಜೆ ಸಾಕಿತ್ತು. ಆ ಹೆಜ್ಜೆ ಇಡಬೇಕಾದರೆ ಹುರಿ ಬಿಡಬೇಕು. ಹುರಿ ಬಿಟ್ಟರೆ ತೊಟ್ಟಿಲು ನಿಲ್ಲುತ್ತದೆ.

ಬಾಗಿಲ ಆಚೆ ಯಾರೋ ಯಾರಿಗೋ ಪಿಸುಗುಟ್ಟಿದರು:

"ಮಲಗ್ತು."

ಅವನು ತೂಗುತ್ತಿದ್ದ.